ಹತ್ತಿದಾಗ ಒಂದು, ಇಳಿಯುವಾಗ ಎರಡು

“ಸರ್, ಆ ಎರಡನೇ ಕಲ್ಲು ಎಲ್ಲಿದೆ?”

ಸಂಪಾದಕಿ ಫೋನಿನಲ್ಲಿ ಕೇಳಿದ್ದು ಇಷ್ಟೇ. ಪ್ರವಾಸ ಬರೆಯುವ ಹನ್ನೆರಡು ಜನ ತಮ್ಮನ್ನು ತಾವೇ ಪರಿಚಯಿಸಿಕೊಳ್ಳುವ ಪುಸ್ತಕವೊಂದನ್ನು ಅವರು ಸಿದ್ಧಪಡಿಸುತ್ತಿದ್ದರು. ಹುಟ್ಟಿದ ಊರು, ಓದಿದ ಕಾಲೇಜು, ಬಂದ ಬಹುಮಾನ ಯಾವುದೂ ಬೇಡ ಅಂದಿದ್ದರು. ಎರಡೇ ಪ್ರಶ್ನೆ: ನಿಮಗೆ ತುಂಬ ಇಷ್ಟವಾದ ಪ್ರಯಾಣ ಯಾವುದು, ಇನ್ನೂ ಹೋಗದೆ ಉಳಿದಿರುವ ನಿಮ್ಮ ಕನಸಿನ ಜಾಗ ಯಾವುದು. ಕನಸಿನ ಜಾಗಕ್ಕೆ ‘ಮಂಗೋಲಿಯಾದ ಹುಲ್ಲುಗಾವಲು’ ಎಂದು ಒಂದು ನಿಮಿಷದಲ್ಲಿ ಬರೆದು ಮುಗಿಸಿದ್ದೆ. ಇಷ್ಟವಾದ ಪ್ರಯಾಣದ ಬಗ್ಗೆ ಹೊಸದಾಗಿ ಬರೆಯುವ ಅಗತ್ಯವೇ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಬರೆದ ಒಂದು ಲೇಖನವಿತ್ತು. ನನ್ನ ಹೆಸರು ಕೇಳಿದವರೆಲ್ಲ ಮೊದಲು ನೆನೆಯುವುದು ಅದನ್ನೇ. ಅದನ್ನೇ ಕಳಿಸಿದ್ದೆ.

ಲೇಖನ ಹೀಗಿದೆ. ಗಂಗಾವತಿಯಿಂದ ನವಲಿ ಕಡೆಗೆ ಹೋಗುವಾಗ ಕಾಣುವ ಗುಡ್ಡಗಳ ಸಾಲಿನಲ್ಲಿ ಒಂದು ಗುಡ್ಡವನ್ನು ಯುವಕನೊಬ್ಬ ಒಬ್ಬನೇ ಹತ್ತುತ್ತಾನೆ. ನೆತ್ತಿಯ ಮೇಲೆ ಸಾವಿರಾರು ವರ್ಷ ಹಳೆಯ ಕಲ್ಲುಚಪ್ಪಡಿಯ ಗೋರಿಗಳಿವೆ; ಜನ ಅವನ್ನು ಮೋರ್ಯಾರ ಮನೆ ಅನ್ನುತ್ತಾರೆ. ಅವುಗಳ ಪಕ್ಕದಲ್ಲಿ ಒಂದು ದೊಡ್ಡ ಗುಂಡುಬಂಡೆ. ಕಲ್ಲಿನಿಂದ ಬಡಿದರೆ ನಗಾರಿಯಂತೆ ಮೊಳಗುತ್ತದೆ. ಅವನು ಬಡಿಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ದೂರದಿಂದ ಇನ್ನೊಂದು ನಗಾರಿ ಕಲ್ಲು ಉತ್ತರ ಕೊಡುತ್ತದೆ. ಸಂಜೆ ಅವನು ಗುಡ್ಡದ ಆಚೆ ಮಗ್ಗುಲಿಗೆ ಇಳಿಯುವಾಗ ಆ ಸದ್ದು ಹಿಂದಿನಿಂದ ಮತ್ತೆ ಮತ್ತೆ ಕೇಳಿಸುತ್ತದೆ. ಕೊನೆಯ ಸಾಲು: ‘ಗುಡ್ಡಕ್ಕೆ ನನ್ನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.’

“ನಮ್ಮ ನಕ್ಷೆ ಬರೆಯುವವರು ಒಂದು ಕಲ್ಲನ್ನ ಗುರುತು ಮಾಡಿದ್ದಾರೆ ಸರ್. ಎರಡನೇದು ಎಲ್ಲೂ ಸಿಗ್ತಿಲ್ಲ. ಶುಕ್ರವಾರ ಪುಟ ಕಟ್ಟಬೇಕು. ನೀವು ಇದೆ ಅಂದರೆ ಇದೆ. ಇಲ್ಲ ಅಂದರೆ ಬೇರೆ ಲೇಖನ ಕೊಟ್ಟುಬಿಡಿ.”

‘ಇದೆ’ ಎಂದು ಹೇಳಲು ಬಾಯಿ ತೆರೆದೆ. ಯಾವ ದಿಕ್ಕಿಗೆ ಅಂತ ನನಗೇ ಗೊತ್ತಿರಲಿಲ್ಲ. ಧಾರವಾಡದಲ್ಲಿ ಭೂಗೋಳ ಓದಿದವನು ನಾನು. ಊರವರು ದೆವ್ವದ ದೀಪ ಅಂದರೆ ಅದರ ದಿಕ್ಕು, ದೂರ, ಹೊತ್ತು ಕೇಳುವ ಜಾತಿ. ಊರಿನ ಬಗ್ಗೆ ಊರವರು ಹೇಳಿದ್ದನ್ನೂ ಎರಡು ಕಡೆ ತಾಳೆ ನೋಡದೆ ಬರೆಯುವುದಿಲ್ಲ. ಆದರೆ ಈ ಒಂದು ಸಂಗತಿಯನ್ನು ನಾನು ಯಾರ ಹತ್ತಿರವೂ ತಾಳೆ ನೋಡಿರಲಿಲ್ಲ. ಲೇಖನವಾಗಿ ಬರೆದೆ, ಆಮೇಲೆ ಸಭೆಗಳಲ್ಲಿ, ಕಾಲೇಜುಗಳಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೆ ನೂರಾರು ಸಲ ಹೇಳಿದೆ. ಈಗ ನನಗೆ ನೆನಪಿದ್ದದ್ದು ಗುಡ್ಡವೋ, ಹೇಳಿ ಹೇಳಿ ನುಣುಪಾದ ಮಾತೋ? ಲಡಾಖಿಗೆ ಮೂರು ಸಲ ಹೋಗಿದ್ದೇನೆ. ಕೊಪ್ಪಳದ ನನ್ನ ಮನೆಯಿಂದ ಬೈಕಿನಲ್ಲಿ ಎರಡು ತಾಸಿನ ಆ ಗುಡ್ಡಕ್ಕೆ ಮತ್ತೆ ಒಮ್ಮೆಯೂ ಹೋಗಿರಲಿಲ್ಲ.

“ಗುರುವಾರ ಸಂಜೆ ಹೇಳ್ತೀನಿ,” ಅಂದೆ.

ಮಂಗಳವಾರ ಬೆಳಿಗ್ಗೆ ಹಿಟ್ನಾಳದಲ್ಲಿ ಮಂಡಾಳ ಒಗ್ಗಾಣಿ, ಮಿರ್ಚಿ ತಿಂದು ಗಂಗಾವತಿ ದಾರಿ ಹಿಡಿದೆ. ಕಾರ್ತಿಕದ ತಂಪು ಬಿಸಿಲು. ಕಾಲುವೆ ನೀರು ಬರುವ ಕಡೆ ಭತ್ತ ಬಾಗಿ ನಿಂತಿತ್ತು. ಕಾಲುವೆಗಿಂತ ಎತ್ತರದ ಕಡೆ ಸಜ್ಜೆ, ತೊಗರಿ. ಗುಡ್ಡಗಳ ಸಾಲು ದೂರದಿಂದಲೇ ಗುರುತು ಸಿಕ್ಕಿತು. ನನ್ನ ನೆನಪಿನ ಪ್ರಕಾರ ಹತ್ತುವ ದಾರಿ ಒಂದು ಕಲ್ಲು ಕಟ್ಟಿದ ಬಾವಿಯ ಪಕ್ಕದಿಂದ, ಬೇವಿನ ಮರದ ಕೆಳಗಿನಿಂದ ಶುರುವಾಗುತ್ತದೆ. ಆ ಬಾವಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದದ್ದು, ಕೈಗೆ ಪಾಚಿ ಹತ್ತಿದ್ದು ನನಗೆ ಇವತ್ತಿಗೂ ಗೊತ್ತು.

ಗುಡ್ಡದ ಬುಡದಲ್ಲಿ ಚಹಾದ ಅಂಗಡಿಯವನನ್ನು ಕೇಳಿದೆ.

“ಬಾವಿ? ಈ ಬುಡಕ ಬಾವಿ ಎಂದೂ ಇದ್ದಿಲ್ರಿ ಸರ. ನಾ ಹುಟ್ಟಿದಾಗಿಂದ ಇಲ್ಲೇ ಅದೀನಿ.”

“ಒಂದು ಬೇವಿನ ಮರ?”

“ಬೇವಿನ ಮರ ಬೇಕಾದಷ್ಟು ಅದಾವ್ರಿ. ನಿಮಗ ಯಾವುದು ಬೇಕು ಹೇಳ್ರಿ.”

ಪೂರ್ತಿ ದಿನ ಗುಡ್ಡದ ಬುಡ ಸುತ್ತಿದೆ. ಜಾಲಿ ಮುಳ್ಳಿಗೆ ಅಂಗಿಯ ತೋಳು ಹರಿಯಿತು. ಎರಡು ಸಲ ತಪ್ಪು ಕಣಿವೆ ಹತ್ತಿ ನೆತ್ತಿ ಕಾಣದೆ ಇಳಿದು ಬಂದೆ. ಬಾವಿ ಸಿಗಲಿಲ್ಲ. ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕಗಳ ಗಂಟು ಬಿಚ್ಚಿದೆ. ಆ ವರ್ಷದ ಪುಸ್ತಕ ಸಿಕ್ಕಿತು. ಬಾವಿಯೂ ಸಿಕ್ಕಿತು. ಮೆಟ್ಟಿಲು, ಪಾಚಿ, ಬೇವಿನ ಮರ ಎಲ್ಲವೂ ನನ್ನದೇ ಅಕ್ಷರದಲ್ಲಿದ್ದವು. ಆದರೆ ಆ ಪುಟ ಕುಷ್ಟಗಿ ಹತ್ತಿರದ ಒಂದು ಊರಿನದು, ಗುಡ್ಡಕ್ಕೆ ಹೋಗುವ ಒಂದು ತಿಂಗಳು ಮುಂಚಿನದು. ಗುಡ್ಡದ ಪುಟದಲ್ಲಿ ನಾಲ್ಕೇ ಸಾಲು: ‘ಮೋರ್ಯಾರ ಮನೆ, ಎಣಿಸಲಾಗಲಿಲ್ಲ. ನಗಾರಿ ಕಲ್ಲು. ಬಡಿತಕ್ಕೆ ಉತ್ತರ ಬಂತು. ಮೈ ಜುಂ ಅಂದಿತು.’

ಎರಡು ಪ್ರಯಾಣಗಳನ್ನು ಯಾವಾಗ ಸೇರಿಸಿ ಹೊಲಿದೆನೋ ತಿಳಿಯದು. ಬಾವಿಯೇ ಇಲ್ಲದ ಮೇಲೆ ಉತ್ತರಕ್ಕೆ ಯಾವ ಆಧಾರ? ‘ಉತ್ತರ ಬಂತು’ ಎಂದು ಬರೆದ ಇಪ್ಪತ್ತನಾಲ್ಕರ ಹುಡುಗನನ್ನು ನಾನು ಇವತ್ತು ಭೇಟಿಯಾದರೆ ಅವನ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಬುಧವಾರ ಪರೀಕ್ಷೆ ಮಾಡಲೇಬೇಕೆಂದು ಹೊರಟೆ. ನೆನಪನ್ನು ಪಕ್ಕಕ್ಕಿಟ್ಟು ಚಹಾದವನು ತೋರಿಸಿದ ಕಾಲುದಾರಿ ಹಿಡಿದೆ. ಒಂದು ತಾಸಿನಲ್ಲಿ ನೆತ್ತಿ ಮುಟ್ಟಿದೆ.

ಅಲ್ಲಿ ನಿಂತ ಮೊದಲ ಕ್ಷಣದಲ್ಲಿ ಒಂದು ಮಾತು ಖಾತ್ರಿಯಾಯಿತು: ಇಲ್ಲಿಯ ದೊಡ್ಡತನವನ್ನು ನಾನು ಲೇಖನದಲ್ಲಿ ಕಡಿಮೆಯೇ ಹೇಳಿದ್ದೆ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಮನೆಗಳು ಬಂಡೆಯ ಬಯಲಿನ ಉದ್ದಕ್ಕೂ ನಿಂತಿದ್ದವು. ಕೆಲವು ನನ್ನ ಎದೆಯೆತ್ತರ, ಕೆಲವು ತಲೆಗಿಂತ ಎತ್ತರ. ಒಂದೊಂದರ ಎದುರು ಚಪ್ಪಡಿಯಲ್ಲಿ ತಾಟಿನಷ್ಟು ದುಂಡನೆಯ ಕಿಂಡಿ. ಗೆರೆ ಎಳೆದಂತೆ ದುಂಡಗೆ ಕೊರೆದಿದ್ದರು. ಕಬ್ಬಿಣ ಇತ್ತೋ ಇಲ್ಲವೋ ಅನ್ನುವ ಕಾಲದ ಜನ, ಸತ್ತವರಿಗಾಗಿ, ಈ ಕಲ್ಲನ್ನು ಈ ಎತ್ತರಕ್ಕೆ. ಒಂದು ಕಿಂಡಿಯೊಳಗೆ ಕೈ ಹಾಕಿದೆ. ಒಳಗಿನ ಗಾಳಿ ಹೊರಗಿನದಕ್ಕಿಂತ ತಣ್ಣಗಿತ್ತು. ಕೈಯನ್ನು ಬೇಗ ಹೊರಗೆಳೆದುಕೊಂಡೆ. ಯಾಕೆ ಅಂತ ಕೇಳಿದರೆ ನನ್ನ ಓದಿನಲ್ಲಿ ಉತ್ತರವಿಲ್ಲ.

ನಗಾರಿ ಕಲ್ಲು ಅವುಗಳಿಂದ ಸ್ವಲ್ಪ ದೂರ, ಅಂಚಿನಲ್ಲಿತ್ತು. ಕೆಳಗೆ ಮೂರು ಸಣ್ಣ ಕಲ್ಲಿನ ಆಸರೆ. ಮೇಲೆ ಆನೆಯ ಬೆನ್ನಿನಂಥ ಬಂಡೆ. ಬಡಿದು ಬಡಿದು ಒಂದು ಕಡೆ ಹಲವಾರು ಸಣ್ಣ ಗುಳಿಗಳು ಬಿದ್ದಿದ್ದವು. ಪಕ್ಕದಲ್ಲಿ ಮುಷ್ಟಿಗಾತ್ರದ ಒಂದು ಗುಂಡುಕಲ್ಲು. ಎತ್ತಿ ನಾಲ್ಕೈದು ಸಲ ಬಡಿದೆ. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಅಂಗಾಲಿನಿಂದ ಮೇಲೇರಿದಂತೆ ಅನ್ನಿಸಿತು. ಗೋರಿಗಳ ಸಂದಿನಿಂದ ಹಕ್ಕಿಗಳು ಎದ್ದವು.

ಆಮೇಲೆ ಕೆಲಸ ಶುರು ಮಾಡಿದೆ. ಫೋನನ್ನು ಧ್ವನಿಮುದ್ರಣಕ್ಕೆ ಹಚ್ಚಿ ಬಂಡೆಯಿಂದ ಇಪ್ಪತ್ತು ಹೆಜ್ಜೆ ದೂರ ಇಟ್ಟೆ. ಹತ್ತು ಸೆಕೆಂಡಿಗೆ ಒಂದರಂತೆ ಹತ್ತು ಬಡಿತ. ನಂತರ ಎರಡು ನಿಮಿಷ ಮೌನ. ಗಾಳಿಯ ದಿಕ್ಕು, ಹೊತ್ತು, ಬಿಸಿಲು ಬರೆದುಕೊಂಡೆ. ಮತ್ತೆ ಹತ್ತು. ಬೆಳಿಗ್ಗೆ ನಾಲ್ಕು ಸರದಿ, ಮಧ್ಯಾಹ್ನ ನಾಲ್ಕು, ಸಂಜೆಯ ತಂಪಿಗೆ ನಾಲ್ಕು. ಕೈ ಜೋಮು ಹಿಡಿಯಿತು. ಎದುರಿನ ಬಂಡೆಯಿಂದ ಪ್ರತಿಧ್ವನಿ ಬರುತ್ತಿತ್ತು, ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ನನ್ನ ನೆನಪಿನ ಉತ್ತರ ಹಾಗಿರಲಿಲ್ಲ. ನಿಧಾನಕ್ಕೆ ಎರಡು ಮೂರು ಸಲ ಉಸಿರಾಡಿದ ಮೇಲೆ, ಯೋಚನೆ ಮಾಡಿ ಕೊಟ್ಟಂತೆ ಬಂದಿತ್ತು. ಹನ್ನೆರಡು ಸರದಿಯಲ್ಲಿ ಒಂದರಲ್ಲೂ ಅಂಥದ್ದು ಬರಲಿಲ್ಲ.

ಬಂಡೆಗೆ ಒರಗಿ ಕೂತು ಸಂಪಾದಕಿಗೆ ಬರೆದೆ: ‘ಎರಡನೇ ಕಲ್ಲು ಇಲ್ಲ. ಉತ್ತರ ನನ್ನ ಕಲ್ಪನೆ ಇರಬೇಕು. ಲೇಖನ ವಾಪಸು ತೆಗೆದುಕೊಳ್ಳುತ್ತೇನೆ.’ ಕಳಿಸುವ ಗುಂಡಿ ಒತ್ತಿದೆ. ನೆಟ್‌ವರ್ಕ್ ಇರಲಿಲ್ಲ. ಸಂದೇಶ ಅಲ್ಲೇ ಸುತ್ತುತ್ತ ಕೂತಿತು.

“ಯಾರ್ರಿ ಅದು? ಮುಂಜಾನಿಂದ ಒಂದ ಸವನ ಬಡದು ಬಡದು ಕುರಿ ಬೆದರಸಾಕತ್ತೀರಲ್ಲ, ಆ ಕಲ್ಲು ನಿಮಗೇನು ಮಾಡೈತಿ?”

ಹಿಂದೆ ಒಬ್ಬ ಕುರಿಗಾರ ನಿಂತಿದ್ದ. ನನ್ನದೇ ವಯಸ್ಸಿರಬಹುದು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

“ಪರೀಕ್ಷಾ ಮಾಡಾಕತ್ತಿದ್ದೆರಿ,” ಅಂದೆ.

“ಪಾಸಾತೇನು?”

“ಇಲ್ರಿ.”

“ಕಲ್ಲು ಫೇಲಾತೋ, ನೀವೋ?”

ನಗು ಬಂತು. ಹೇಳಿದೆ: ಹಿಂದೊಮ್ಮೆ ಇದನ್ನು ಬಡಿದಾಗ ದೂರದಿಂದ ಇನ್ನೊಂದು ಸಪ್ಪಳ ಬಂದಿತ್ತು, ಇವತ್ತು ಇಡೀ ದಿನ ಬಡಿದರೂ ಬರಲಿಲ್ಲ.

“ಹೆಂಗ ಬರ್ತೈತ್ರಿ? ಹತ್ತು ಹತ್ತು ಬಡದ್ರ ಯಾರು ಮಾತಾಡ್ತಾರ? ತಿರುಗಾಡಾಕ ಬಂದ ಹುಡುಗ್ರ ಆಟ ಅಂತ ಕೆಳಗಿನವ್ರು ಸುಮ್ಕ ಬಿಡ್ತಾರ.” ಕೋಲನ್ನು ನೆಲಕ್ಕಿಟ್ಟು ಗುಂಡುಕಲ್ಲು ಎತ್ತಿಕೊಂಡ. “ಸರೀರಿ ಸ್ವಲ್ಪ.”

ಗುಳಿ ಬಿದ್ದ ಜಾಗದಲ್ಲಿ ಒಂದೇ ಒಂದು ಸಲ ಬಡಿದ. ಕಲ್ಲನ್ನು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕತೊಡಗಿದ. ನಾನು ಫೋನಿನ ಕಡೆ ಕೈ ಚಾಚಿದೆ. ಅದನ್ನು ಒತ್ತುವ ಮುಂಚೆಯೇ ಬಂತು.

ಢಂ.

ಒಂದೇ ಒಂದು. ದೂರದಿಂದ, ಕೆಳಗಿನಿಂದ, ಭಾರವಾಗಿ. ಗಾಳಿಯಲ್ಲಿ ಹಾಸಿಕೊಂಡು ಬಂದು ಗೋರಿಗಳ ನಡುವೆ ಹಾದುಹೋಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಆ ಸದ್ದಿನ ಬಗ್ಗೆ ಬರೆದ, ಹೇಳಿದ ಒಂದು ಮಾತೂ ಆ ಸದ್ದಿನ ಹತ್ತಿರಕ್ಕೆ ಹೋಗಿರಲಿಲ್ಲ. ಅದು ಇದೆ. ಅದು ಇತ್ತು.

“ಇದ ಹೌದಲ್ರಿ, ನೀವು ಕೇಳಿದ್ದು?” ಕುರಿಗಾರ ತಂಬಾಕನ್ನು ತುಟಿಯೊಳಗೆ ಇಟ್ಟುಕೊಳ್ಳುತ್ತ ಕೇಳಿದ.

“ಆ ಕಲ್ಲು ಎಲ್ಲೈತ್ರಿ?”

“ಕಲ್ಲೆಲ್ಲೀದ್ರಿ? ಕೊಪ್ಪರಿಗಿ ಅದು. ನಮ್ಮಕ್ಕನ ಹೊಲದಾಗ ಡಬ್ಬ ಹಾಕೈತಿ.”

ಬೆಲ್ಲ ಕಾಯಿಸುವ ಹಳೆಯ ಕಬ್ಬಿಣದ ಕೊಪ್ಪರಿಗೆ. ತಳ ಸೀಳಿದ ಮೇಲೆ ಯಾವುದೋ ಕಾಲದಲ್ಲಿ ಹೊಲಕ್ಕೆ ತಂದು ನಾಲ್ಕು ಕಲ್ಲಿನ ಮೇಲೆ ಬೋರಲು ಹಾಕಿದ್ದಾರೆ. ಹತ್ತಿರ ನಿಂತು ಬಡಿದರೆ ಕಬ್ಬಿಣದ ಚೀರು ಕಿವಿ ಒಡೆಯುತ್ತದಂತೆ. ಒಂದು ಕಿಲೋಮೀಟರು ಗಾಳಿಯಲ್ಲಿ ಬರುವಾಗ ಆ ಚೀರೆಲ್ಲ ದಾರಿಯಲ್ಲೇ ಕರಗಿ, ಬರೀ ಮಂದ್ರ ಉಳಿಯುತ್ತದೆ. ಶಬ್ದ ಹಾಗೇ ನಡೆದುಕೊಳ್ಳುವುದು ಅಂತ ನಾನು ಓದಿದ್ದೇನೆ. ಅದಕ್ಕೇ ನನಗೆ ಅದು ಇನ್ನೊಂದು ಕಲ್ಲಿನಂತೆ ಕೇಳಿಸಿತ್ತು.

“ಯಾಕ ಬಡೀತಾರ?”

“ಗುಡ್ಡದಾಗ ಕರಡಿ ಅದಾವ್ರಿ, ಚಿರತಿ ಅದಾವ. ಹಿಂದಿನಿಂದ ನಡಕೋತ ಬಂದದ್ದು. ಕುರಿಯವ್ರು, ಕಟ್ಟಿಗಿಯವ್ರು, ಜೇನಿನವ್ರು ಎಲ್ಲಾರಿಗೂ ಒಂದ ಪದ್ಧತಿ. ಹತ್ತಿದಾಗ ಒಂದು. ಕೆಳಗಿನವ್ರು ತಿರುಗಿ ಒಂದು ಬಡೀತಾರ, ಅಂದ್ರ ‘ಕೇಳಿಸ್ತು, ಲಕ್ಷ್ಯ ಐತಿ’ ಅಂತ. ಇಳಿಯೋ ಮುಂದ ಎರಡು. ಅವ್ರೂ ಎರಡು. ಎರಡು ಬರಲಿಲ್ಲ ಅಂದ್ರ ಮಂದಿ ಬಡಿಗಿ ತಗೊಂಡು ಮ್ಯಾಲ ಬರ್ತಾರ.”

“ಈಗ ಫೋನ್ ಅದಾವಲ್ಲ?”

“ಇಲ್ಲಿ ಫೋನ್ ಎಲ್ಲಿ ಸಿಗತೈತ್ರಿ? ನಿಮ್ಮದ ನೋಡ್ಕೊರ್ರಿ.”

ನನ್ನ ಸಂದೇಶ ಇನ್ನೂ ಸುತ್ತುತ್ತಲೇ ಇತ್ತು. ಅದನ್ನು ಅಳಿಸಿದೆ.

ಆಮೇಲೆ ಅವನೇ ಮಾತು ಮುಂದುವರಿಸಿದ. “ನಿಮ್ಮಂಗ ಒಬ್ಬಾಂವ ಬಂದಿದ್ದರಿ, ಭಾಳ ವರ್ಷ ಆತು. ದಾರಿ ಗೊತ್ತಿರಲಿಲ್ಲ ಅವಗ, ನಾನ ಕರಕೊಂಡು ಬಂದೆ. ಇಲ್ಲಿ ನಿಂತು ನಾನ ಒಂದು ಬಡದೆ. ಕೆಳಗಿಂದ ಬಂತು. ಅವ ಕಣ್ಣು ಹಿಂಗ ಅಗಲ ಮಾಡಿ ನಿಂತ. ನನ್ನ ಕುರಿ ಮುಂದ ಹೋಗಾಕತ್ತಿದ್ವು. ‘ಇಳಿಯೋ ಮುಂದ ಮರೀಬ್ಯಾಡ್ರಿ, ಎರಡು ಬಡೀರಿ’ ಅಂತ ಹೇಳಿ ನಾ ಆ ಮಗ್ಗಲಕ್ಕ ಹೋದೆ. ಆ ಪುಣ್ಯಾತ್ಮ ಬಡೀಲಿಲ್ಲ.”

“ಆಮ್ಯಾಲ?”

“ಆಮ್ಯಾಲೇನು? ಕೆಳಗಿನವ್ರು ಬಡದರು ಬಡದರು, ‘ಎಲ್ಲಿದೀಯೋ ಮಾರಾಯಾ’ ಅಂತ. ಜವಾಬಿಲ್ಲ. ಹೊತ್ತು ಮುಳುಗೋ ಹೊತ್ತಿಗೆ ಆರು ಮಂದಿ ಗುಡ್ಡ ಹತ್ತಿ ಸೋಸಿದ್ವಿ. ಒಂದೊಂದು ಮೋರ್ಯಾರ ಮನಿಯಾಗ ತಲಿ ಹಾಕಿ ನೋಡಿದ್ವಿ. ಮರುದಿನ ಗೊತ್ತಾತು, ಸಾಹೇಬ ಆ ಕಡಿ ರಸ್ತಾಕ ಇಳಿದು ಟೆಂಪೋ ಹತ್ತಿ ಹೋಗ್ಯಾನಂತ. ಈಗೂ ನಮ್ಮೂರಾಗ ಯಾರರ ಹೇಳದ ಕೇಳದ ಎದ್ದು ಹೋದ್ರ ‘ಟೆಂಪೋ ಸಾಹೇಬ’ ಅಂತ ಕಾಡ್ತಾರ.”

ಅವನು ನಕ್ಕ. ನಾನೂ ನಗಬೇಕಾಯಿತು. ಮುಖ ಬಿಸಿಯಾಗಿತ್ತು. ನನ್ನ ಲೇಖನದ ಕೊನೆಯ ಸಾಲು ತಲೆಯಲ್ಲಿ ಬಂದು ನಿಂತಿತು. ನಾನು ಒಬ್ಬನೇ ಹತ್ತಿದ್ದೆನಲ್ಲ? ನೆನಪಿನಲ್ಲಿ ಹುಡುಕಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಆ ಗುಡ್ಡ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕುಷ್ಟಗಿಯ ಬಾವಿ ಕಂಡಷ್ಟೇ ಸ್ಪಷ್ಟವಾಗಿ.

ಸುಳಿವು ಕೊಡದೆ ಕೇಳಬೇಕು ಅನ್ನುವುದು ನಮ್ಮ ಕೆಲಸದ ನಿಯಮ. “ಅವ ನೋಡಾಕ ಹೆಂಗಿದ್ದರಿ?” ಅಂದೆ.

“ತೆಳ್ಳಗಿದ್ದ. ಚಷ್ಮಾ ಹಾಕಿದ್ದ.”

ನಾನು ಕನ್ನಡಕ ಹಾಕಿದ್ದು ನಲವತ್ತು ದಾಟಿದ ಮೇಲೆ. ಒಂದು ಕ್ಷಣ ಹಗುರಾಯಿತು. ಬೇರೆ ಯಾರೋ ಇರಬೇಕು. ಹೀಗೆ ಹಗುರಾದದ್ದಕ್ಕೆ ನನಗೆ ನನ್ನ ಮೇಲೆ ಅನುಮಾನ ಬಂತು. ಎರಡು ದಿನದಿಂದ ನನ್ನ ನೆನಪನ್ನು ನಂಬದವನು, ಈಗ ನನಗೆ ಅನುಕೂಲವಾದ ಕೂಡಲೇ ಅವನ ನೆನಪನ್ನು ನಂಬಲು ಹೊರಟಿದ್ದೆ.

ಇಳಿಯುವ ಮುಂಚೆ ಅವನು ಎರಡು ಬಡಿದ. ಕೆಳಗಿನಿಂದ ಎರಡು ಬಂತು. ಆಮೇಲೆಯೇ ಕೋಲು ಎತ್ತಿಕೊಂಡ.

ರಸ್ತೆಗೆ ಬಂದ ಮೇಲೆ ಸಂಪಾದಕಿಗೆ ಫೋನ್ ಮಾಡಿದೆ. ಉತ್ತರ ನಿಜ, ಅದು ಕಲ್ಲಿನದಲ್ಲ, ಕೊಪ್ಪರಿಗೆಯದು ಎಂದೆ.

“ಒಳ್ಳೇದಾಯ್ತಲ್ಲ ಸರ್. ನಕ್ಷೆಯಲ್ಲಿ ಎರಡನೇ ಕಲ್ಲು ಬಿಟ್ಟುಬಿಡ್ತೀವಿ. ಲೇಖನದಲ್ಲಿ ಒಂದು ಪದ ಬದಲಿಸಿದರೆ ಆಯ್ತು.”

“ನಾಳೆ ಸಂಜೆವರೆಗೆ ಮುಟ್ಟಬೇಡಿ. ನಾನು ಅವತ್ತು ಒಬ್ಬನೇ ಇರಲಿಲ್ಲ ಅನ್ನಿಸ್ತಿದೆ.”

“ಅಷ್ಟೇನಾ? ಎಲ್ಲರೂ ಒಬ್ಬನೇ ಹೋದೆ ಅಂತಲೇ ಬರೀತಾರೆ ಸರ್. ಜೊತೆಗಿದ್ದವರನ್ನೆಲ್ಲ ಬರೆದರೆ ಹಾಜರಿ ಪುಸ್ತಕ ಆಗಿಬಿಡುತ್ತೆ.”

“ಮಂಗೋಲಿಯಾ ತೆಗೆದುಬಿಡಿ,” ಅಂದೆ. “ಕನಸಿನ ಜಾಗದ ಕಡೆ ಬೇರೆ ಬರೀತೀನಿ. ಗುಡ್ಡದ ಕೆಳಗೆ ಒಂದು ಹೊಲ ಇದೆ. ಅಲ್ಲಿಂದ ಆ ಕಲ್ಲಿನ ಸದ್ದು ಹೇಗೆ ಕೇಳಿಸುತ್ತೆ ಅಂತ ನೋಡಬೇಕು.”

“ನೀವಿರೋ ಜಾಗದಿಂದ ಎಷ್ಟು ದೂರ ಸರ್ ಅದು?”

“ಒಂದು ಕಿಲೋಮೀಟರು.”

ಅವರು ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. ಗುರುವಾರ ಸಂಜೆ ಆರರವರೆಗೆ ಸಮಯ ಕೊಟ್ಟರು.

ಗುರುವಾರ ಕುರಿಗಾರ ನನ್ನನ್ನು ಹೊಲದ ಬದುವಿನವರೆಗೆ ತಂದು ಬಿಟ್ಟು, “ಯಕ್ಕಾ, ನಿನ್ನಿ ಕಲ್ಲು ಬಡದವ್ರು ಇವ್ರ. ಬೈಯೋದಿದ್ರ ಬೈಕೋ,” ಎಂದು ಹೇಳಿ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದ. ಅಕ್ಕ ಸಜ್ಜೆ ತೆನೆ ಮುರಿಯುತ್ತಿದ್ದರು. ಅರುವತ್ತರ ಹತ್ತಿರದ ಹೆಂಗಸು, ತಲೆಗೆ ಟವೆಲ್ ಸುತ್ತಿದ್ದರು. ಸೊಂಟಕ್ಕೆ ಕಟ್ಟಿದ ಉಡಿಯಲ್ಲಿ ತೆನೆ ತುಂಬಿತ್ತು.

“ನಿನ್ನಿ ಅಷ್ಟ ಬಡದ್ರಲ್ಲ, ತೋಳು ನೋಯವಲ್ವೇನು?” ಅಂದರು.

“ನೋಯಾಕತ್ತಾವರಿ ಅಕ್ಕಾರ.”

“ನೋಯ್ಲಿ.”

ಕೊಪ್ಪರಿಗೆ ಹೊಲದ ನಡುವೆ, ತುಸು ಏರಿನ ಮೇಲೆ ಬೋರಲು ಬಿದ್ದಿತ್ತು. ಎರಡು ತೋಳು ಚಾಚಿದರೂ ಅಂಚಿಗೆ ಅಂಚು ಸಿಗದಷ್ಟು ಅಗಲ. ಮೇಲೆ ಬಡಿದು ಬಡಿದು ತುಕ್ಕು ಹೋಗಿ ಒಂದು ಜಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದಕ್ಕೆ ಒರಗಿಸಿ ಒಂದು ಜಾಲಿ ಬಡಿಗೆ. ನಾನು ಟಿಪ್ಪಣಿ ಪುಸ್ತಕ ತೆಗೆದು, ಹಿಂದೆ ಗುಡ್ಡದಲ್ಲಿ ಕಳೆದುಹೋದ ಒಬ್ಬನ ಕಥೆ ಕೇಳಿದೆ ಎಂದೆ. ಅವನು ಹೇಗಿದ್ದ, ನೀವು ನೋಡಿದ್ದಿರೇನು ಎಂದು ಕೇಳಿದೆ.

“ದಾರಿಮ್ಯಾಲ ಹೋಗೋದು ದೂರಿಂದ ನೋಡಿದ್ದೆ. ಛತ್ರಿ ಹಿಡಕೊಂಡಿದ್ದ.”

“ಚಷ್ಮಾ ಇತ್ತಂತಲ್ರಿ?”

“ಅಷ್ಟು ದೂರಿಂದ ಚಷ್ಮಾ ಹೆಂಗ ಕಾಣಸ್ತೈತಿ? ಅದು ನನ್ನ ತಮ್ಮ ಹೇಳೋದು. ಓದಿದವ್ರು ಅಂದ್ರ ಅವಗ ಎಲ್ಲಾರೂ ಚಷ್ಮಾದವ್ರ. ಛತ್ರಿ ನೋಡಿ ನಾವು ನಕ್ಕೊಂಡ್ವಿ, ಮಳಿ ಇಲ್ಲ ಏನಿಲ್ಲ, ಬಿಸಿಲಿಗೆ ಛತ್ರಿ ಹಿಡಿದು ಗುಡ್ಡ ಹತ್ತಾಕತ್ತ್ಯಾನ ಅಂತ. ಕರೀದು. ಒಂದು ಕಡ್ಡಿ ಮುರದು ಜೋತು ಬಿದ್ದಿತ್ತು.”

ಪೆನ್ನು ನಿಂತಿತು. ಛತ್ರಿಯ ವಿಷಯ ನಾನು ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಸಾಹಸದ ಲೇಖನದಲ್ಲಿ ಅಪ್ಪನ ಮುರುಕು ಛತ್ರಿಗೆ ಜಾಗ ಇರಲಿಲ್ಲ. ಯಲಬುರ್ಗಾದ ಮನೆಯಿಂದ ಹೊರಡುವಾಗ ಅಪ್ಪ ಅದನ್ನು ಬಲವಂತಕ್ಕೆ ಕೈಗಿಟ್ಟಿದ್ದರು. ಛತ್ರಿ ನೆನಪಾದ ಕೂಡಲೇ ಅದರ ನೆರಳಿನ ಪಕ್ಕದಲ್ಲಿ ನಡೆಯುವ ಎರಡು ಕಾಲು ಕಂಡವು. ಧೂಳು ಹಿಡಿದ ಚಪ್ಪಲಿ, ಮುಂದೆ ಕುರಿಗಳು. ಮುಖ ಮಾತ್ರ ಕಾಣಲಿಲ್ಲ. ಅದು ನಿಜವಾಗಿ ನೆನಪಾಯಿತೋ ಅಥವಾ ಈಗ ಕೇಳಿದ್ದರಿಂದ ಕಟ್ಟಿಕೊಂಡೆನೋ, ನಾನು ಆಣೆ ಮಾಡಿ ಹೇಳಲಾರೆ. ಆದರೆ ಛತ್ರಿಯ ಮುರಿದ ಕಡ್ಡಿ ನನ್ನ ಕಟ್ಟುಕಥೆಯಲ್ಲ.

“ಅವ ನಾನರಿ ಅಕ್ಕಾರ,” ಅಂದೆ.

ಅವರು ತೆನೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

“ಭಾಳ ದಪ್ಪ ಆಗೀರಿ,” ಅಂದು ಮತ್ತೆ ತೆನೆಗೆ ಕೈ ಹಾಕಿದರು.

ಅಷ್ಟರಲ್ಲಿ ಗುಡ್ಡದಿಂದ ಬಂತು. ಒಂದೇ ಬಡಿತ. ಮೇಲೆ ನಿಂತಾಗ ಎದೆ ನಡುಗಿಸಿದ್ದ ಸದ್ದು ಇಲ್ಲಿ ಬೇರೆಯೇ ಆಗಿತ್ತು. ಆಕಾಶ ಒಮ್ಮೆ ಕೆಮ್ಮಿದಷ್ಟು ಮೆಲ್ಲಗೆ. ಆದರೆ ಸಜ್ಜೆಯ ಗರಿಗರಿ ಸಪ್ಪಳ, ಹಕ್ಕಿ, ದೂರದ ಟ್ರ್ಯಾಕ್ಟರು ಎಲ್ಲವನ್ನೂ ದಾಟಿ ನೇರ ಬಂತು. ಬಯಲಿನಲ್ಲಿ ಅಷ್ಟು ದೊಡ್ಡ ಗುಡ್ಡ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಒಬ್ಬ ಮನುಷ್ಯ. ಅವನು ‘ಬಂದೆ’ ಅಂದದ್ದು ನನಗೆ ಕೇಳಿಸಿತ್ತು. ನಾನು ಬಾಯಿ ತೆರೆದು ಗುಡ್ಡ ನೋಡುತ್ತ ನಿಂತೆ. ಆ ಗೋರಿ ಕಟ್ಟಿದವರೂ ಹೀಗೇ ಬಡಿದಿರಬಹುದೇ, ಇಲ್ಲಿ ಯಾರಾದರೂ ಹೀಗೇ ನಿಂತು ಕೇಳಿರಬಹುದೇ? ಇದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲ ಅನ್ನುವುದು ಆ ಹೊತ್ತಿನಲ್ಲಿ ನನಗೆ ದೊಡ್ಡ ಮಾತಾಗಿ ಕಾಣಲಿಲ್ಲ.

“ಏನ್ ನೋಡ್ಕೋತ ನಿಂತೀರಿ? ಬಡೀರಿ. ಅವ ಕಾಯಾಕತ್ತಾನ.”

“ನಾನಾ?”

“ಮತ್ಯಾರು? ಇವತ್ತ ನೀವ ಕಾಯ್ರಿ. ನನಗ ತೆನಿ ಮುರಿಯೋದೈತಿ.”

ಬಡಿಗೆ ಎತ್ತಿ ಹೊಳೆಯುವ ಜಾಗಕ್ಕೆ ಒಂದು ಹೊಡೆದೆ. ಕಬ್ಬಿಣ ಚೀರಿತು. ಎರಡು ಕಿವಿಯೂ ಮುಚ್ಚಿದಂತಾಯಿತು. ಆ ಚೀರು ನಿಂತ ಮೇಲೂ ಕೊಪ್ಪರಿಗೆಯ ಒಳಗೆ ಗುಂಯ್ ಅನ್ನುತ್ತಿತ್ತು.

ಆ ದಿನ ಮಾಡಿದ ಕೆಲಸ ಅಷ್ಟೇ, ಕಾಯುವುದು. ಇಷ್ಟು ವರ್ಷ ಊರೂರು ತಿರುಗಿದ್ದೇನೆ, ಒಂದೇ ಜಾಗದಲ್ಲಿ ಒಂದು ಹಗಲು ಇನ್ನೊಬ್ಬನಿಗಾಗಿ ಕೂತಿದ್ದಿಲ್ಲ. ಮೊದಲ ಎರಡು ತಾಸು ಸುಲಭವಿತ್ತು. ಮಧ್ಯಾಹ್ನ ಅಕ್ಕ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ತಿನ್ನುವಾಗಲೂ ಕಿವಿ ಗುಡ್ಡದ ಕಡೆಗಿತ್ತು. ನನ್ನ ಅಗಿಯುವ ಸದ್ದಿನಲ್ಲಿ ಬಡಿತ ತಪ್ಪಿ ಹೋದೀತೆಂದು ನಿಲ್ಲಿಸಿ ನಿಲ್ಲಿಸಿ ಅಗಿದೆ. ಮೂರು ಗಂಟೆಯ ಮೇಲೆ ಮೋಡದ ನೆರಳು ಗುಡ್ಡದ ಮೇಲೆ ಹೋದರೂ ಎದ್ದು ನಿಲ್ಲುತ್ತಿದ್ದೆ. ಅಕ್ಕ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಆದರೆ ಆಗಾಗ ತೆನೆ ಮುರಿಯುವ ಕೈ ಗಾಳಿಯಲ್ಲೇ ನಿಂತು, ಮತ್ತೆ ಮುಂದುವರಿಯುವುದನ್ನು ಕಂಡೆ. ಆ ಕೈಯೂ ನನ್ನಂತೆ ಕೇಳಿಸಿಕೊಳ್ಳುತ್ತಿತ್ತು.

ಐದು ಗಂಟೆಗೆ ಸಂಪಾದಕಿಗೆ ಸಂದೇಶ ಕಳಿಸಿದೆ. ‘ಆ ಲೇಖನ ತೆಗೆದುಬಿಡಿ. ಗುಡ್ಡ ನನ್ನನ್ನು ಬಿಟ್ಟುಕೊಡಲು ಒಪ್ಪದೆ ಬಡಿದದ್ದಲ್ಲ. ನಾನು ಸತ್ತೆನೋ ಬದುಕಿದೆನೋ ಗೊತ್ತಾಗದೆ ಗುರುತಿಲ್ಲದ ಜನ ಬಡಿದದ್ದು. ಅದನ್ನೇ ಬರೆದು ಕಳಿಸುತ್ತೇನೆ. ಪುಟ ಕಟ್ಟುವುದರೊಳಗೆ ಆಗದಿದ್ದರೆ ನನ್ನನ್ನು ಬಿಟ್ಟು ಹನ್ನೊಂದು ಜನರ ಪುಸ್ತಕ ಮಾಡಿ.’ ಈ ಸಲ ಸಂದೇಶ ಹೋಯಿತು. ಅರ್ಧ ತಾಸಿನ ಮೇಲೆ ಅವರು ಬರೆದರು: ‘ಸೋಮವಾರದವರೆಗೆ ಕಾಯ್ತೀನಿ ಸರ್.’

ಬಿಸಿಲು ಹಳದಿಯಾಗಿ ಗುಡ್ಡದ ಬಂಡೆಗಳ ಅಂಚಿಗೆ ಹತ್ತಿತು. ಕುರಿಗಾರ ಇಳಿಯುವ ಹೊತ್ತು ದಾಟಿತ್ತು ಅನ್ನಿಸಿತು. ಕೇಳೋಣವೆಂದು ಅಕ್ಕನ ಕಡೆ ತಿರುಗಿದೆ. ಅವರು ಉಡಿ ಬಿಚ್ಚಿ ತೆನೆಯನ್ನು ರಾಶಿಗೆ ಸುರಿದು, ಸೊಂಟದ ಮೇಲೆ ಕೈಯಿಟ್ಟು, ಗುಡ್ಡಕ್ಕೆ ಮುಖ ಮಾಡಿ ನಿಂತಿದ್ದರು.

ಢಂ. ಢಂ.

ನಾನು ಬಡಿಗೆ ಎತ್ತಿ ಎರಡು ಬಡಿದೆ. ಎರಡನೆಯದು ಓರೆಯಾಗಿ ಬಿತ್ತು. ಪರವಾಗಿಲ್ಲ ಅನ್ನುವಂತೆ ಅಕ್ಕ ತಲೆಯಾಡಿಸಿದರು. ರೊಟ್ಟಿ ಕಟ್ಟಿದ್ದ ಬಟ್ಟೆ ಜಾಡಿಸಿ ಮಡಚಿದರು, ನೀರಿನ ಬಿಂದಿಗೆ ಬಗ್ಗಿಸಿದರು, ಕುಡುಗೋಲನ್ನು ಬುಟ್ಟಿಯಲ್ಲಿಟ್ಟರು.

“ನಡೀರಿ, ಇನ್ನ ಮನಿಗೆ ಹೋಗೂಣು. ಎರಡು ಕೇಳೋತನ ನಾ ಹೊಲ ಬಿಡಂಗಿಲ್ಲ.”

ಬದುವಿನ ಮೇಲೆ ಅವರ ಹಿಂದೆ ನಡೆಯುತ್ತ ಸ್ವಲ್ಪ ದೂರ ಹೋದ ಮೇಲೆ ಕೇಳಿದೆ: “ಅಕ್ಕಾರ, ಅವತ್ತ ನೀವು ಎಷ್ಟೊತ್ತಿಗೆ ಮನಿಗೆ ಹೋದ್ರಿ?”

ಅವರು ನಿಂತು ತಿರುಗಿದರು. ಇಷ್ಟು ಓದಿದವನು ಇದನ್ನೂ ಕೇಳಬೇಕೇ ಅನ್ನುವ ಹಾಗೆ ನನ್ನ ಮುಖ ನೋಡಿದರು.

“ಹೆಂಗ ಹೋಗ್ಲಿ ತಮ್ಮಾ?” ಅಂದರು. “ನೀವು ಇಳಿದಿದ್ದಿಲ್ಲಲ್ಲ.”